ತೂಬಿಲ್ಲದ ಕೆರೆ

ಕೆರೆ ಎಂದರೆ ನನಗೆ ಗೊತ್ತಿದ್ದದ್ದು
ಏರಿ, ತೂಬು, ಕೋಡಿ,
ನೀರಿನ ಸರದಿಗೆ ಒಂದಿಷ್ಟು ಜಗಳ.
ಲಿಯೋನೋರಾದ ಆಚೆ, ಕೆಂಪು ಬಯಲಲ್ಲಿ
ನಾವು ಕಟ್ಟಿದ್ದು ಬೇರೆ ಜಾತಿಯದು:
ತೂಬಿಲ್ಲ, ಕೋಡಿ ಬೀಳಕೂಡದು,
ದನ ಇಳಿಯಕೂಡದು, ಹಕ್ಕಿ ಕೂರಕೂಡದು,
ತುಂಬಿತೆಂದು ಯಾರೂ ಬಾಗಿನ ತರುವುದಿಲ್ಲ.
ಬಂಗಾರ ತೆಗೆದ ಮೇಲೆ ಉಳಿದ ಬೂದು ಗಂಜಿ
ಸಯನೈಡಿನ ಸಮೇತ ಅಲ್ಲಿಗೆ ಬಂದು ಮಲಗುತ್ತದೆ.
ಅದಕ್ಕೆ ಹಾಸುವುದು ನಮ್ಮ ಕೆಲಸ.

ಎರಡು ಮಿಲಿಮೀಟರ್ ದಪ್ಪದ ಕರಿ ಹಾಳೆ.
ಬಿಸಿಲೇರಿದರೆ ಬಾಣಲೆಯ ಹಪ್ಪಳದಂತೆ ಏಳುತ್ತದೆ,
ಅದಕ್ಕೇ ಬೆಸುಗೆಯೆಲ್ಲ ಬೆಳಕು ಹರಿಯುವ ಮೊದಲು.
ಲೀತ್ ಪೆಂಗೆಲ್ಲಿ ಯಂತ್ರದ ಹಿಂದೆ ನಡೆಯುತ್ತಿದ್ದ,
ನೇಗಿಲ ಹಿಂದೆ ನಡೆದ ಹಾಗೆ ಎನ್ನಲೆ? ಅಲ್ಲ,
ಮಗುವಿಗೆ ನಡಿಗೆ ಕಲಿಸುವವನ ಹಾಗೆ, ಬಗ್ಗಿ.
ಹಳೇ ಗಣಿಯ ದಿಬ್ಬದಿಂದ ಗಾಳಿ ಎದ್ದರೆ
ಅವನಜ್ಜಿ ಕಿಟಕಿಗೆಲ್ಲ ಒದ್ದೆ ಚಾದರ ಕಟ್ಟುತ್ತಿದ್ದಳಂತೆ;
ಆದರೂ ಬ್ರೆಡ್ಡು ಕಚ್ಚಿದರೆ ಹಲ್ಲಿಗೆ ಮರಳಂತೆ.
ಇಷ್ಟು ಹೇಳಿ ಮತ್ತೆ ಬಗ್ಗುತ್ತಿದ್ದ.

ಜೋಡಿ ಬೆಸುಗೆಯ ನಡುವೆ ಒಂದು ಸಣ್ಣ ಕಾಲುವೆ.
ನಾನು ಅದಕ್ಕೆ ಸೂಜಿ ಚುಚ್ಚಿ, ಗಾಳಿ ತುಂಬಿ,
ಐದು ನಿಮಿಷ ಮಾಪಕದ ಮುಳ್ಳು ನೋಡುತ್ತ ಕೂರಬೇಕು.
ಮುಳ್ಳು ಇಳಿಯದಿದ್ದರೆ ಪಾಸು.
ಆಮೇಲೆ ಹಾಳೆಯ ಮೇಲೆಯೇ, ಬಿಳಿ ಮಾರ್ಕರಿನಲ್ಲಿ,
ತಾರೀಖು, ಹೊತ್ತು, ಬೆಸೆದವನ ಸಹಿ, ನೋಡಿದವಳ ಸಹಿ.
ನಾನು ಬರೆಯುತ್ತಿದ್ದುದು ಬರೀ ‘ತ’.
‘ಇದೇನು ತನುಜಾ, ಬಸವನಹುಳುವಾ?’ ಅಂದ ಲೀತ್.
ಅಂದಿನಿಂದ ಆ ಕರಿ ಬಯಲ ತುಂಬ
ನನ್ನ ಬಸವನಹುಳುಗಳು ಸಾಲಾಗಿ ಹರಿದವು.

ಈಗ ಅವುಗಳ ಮೇಲೆ ಒಂಬತ್ತು ಮೀಟರ್ ಕೆಸರು.

ನನಗೀಗ ಏರಿಯ ಸುತ್ತಲಿನ ಹದಿನಾಲ್ಕು ಕೊಳವೆಬಾವಿಗಳ ಪಹರೆ.
ಟೇಪು ಇಳಿಬಿಟ್ಟು ಕಾಯುತ್ತೇನೆ;
ನೀರು ಮುಟ್ಟಿದೊಡನೆ ಕೀಂ ಎಂದು ಕೂಗುತ್ತದೆ.
ಇಲ್ಲಿಯ ಅಂತರ್ಜಲ ಮೊದಲೇ ಕಡಲಿಗಿಂತ ಉಪ್ಪು.
‘ಇದನ್ನು ಕುಡಿಯುವವರು ಯಾರು?’
ಪರ್ತಿನಿಂದ ಬಂದ ಸಾಹೇಬರು ನಕ್ಕಿದ್ದರು.
ಮಾರ್ಲೀನ್ ನಗಲಿಲ್ಲ. ಇದು ಅವಳ ಅಜ್ಜಂದಿರ ನೆಲ.
ದಿಬ್ಬದ ಬುಡಕ್ಕೆ ಗದ್ದ ತೋರಿಸಿದಳು:
‘ಅಲ್ಲೊಂದು ಒರತೆಯಿದೆ. ಸಿಹಿ.
ಎಮು ಹಕ್ಕಿಗೆ ಗೊತ್ತು.’

ಏಳನೇ ಬಾವಿ ಸದಾ ಕೂಗುತ್ತಿದ್ದುದು
ಹದಿನಾಲ್ಕು ಮೀಟರ್ ಮೂವತ್ತೆರಡಕ್ಕೆ.
ಜುಲೈಯಲ್ಲಿ ಹದಿನಾಲ್ಕು ಹತ್ತಕ್ಕೇ ಕೂಗಿತು.
ಮತ್ತೆ ಇಳಿಸಿದೆ. ಮತ್ತೆ ಅದೇ.
ಸೀಸೆ ತುಂಬಿ, ಐಸಿನಲ್ಲಿಟ್ಟು, ಲ್ಯಾಬಿಗೆ ಕಳಿಸಿ
ಹನ್ನೊಂದು ದಿನ ಊಟದ ರುಚಿ ತಿಳಿಯಲಿಲ್ಲ.
ಬಂದ ಸಂಖ್ಯೆ ಮಿತಿಯ ಒಳಗೇ ಇತ್ತು.
ಆದರೆ ಇತ್ತು. ಇದುವರೆಗೆ ಅಲ್ಲಿದ್ದದ್ದು ಸೊನ್ನೆ;
ಸೊನ್ನೆಯ ಹೊಟ್ಟೆಯಲ್ಲಿ ಏನೋ ಮಿಸುಕಿದ ಹಾಗೆ.

‘ಇನ್ನು ಮೂರು ತಿಂಗಳು ನೋಡೋಣ,’ ಅಂದರು.
ನೋಡಬಹುದು. ಫಾರಮ್ಮಿನಲ್ಲಿ ಅದಕ್ಕೂ ಒಂದು ಕಾಲಂ ಇದೆ.

ರಾತ್ರಿ ಹಳೆಯ ನಕಾಶೆ ಬಿಡಿಸಿದೆ.
ಏಳನೇ ಬಾವಿಯ ನೇರಕ್ಕೆ ನಲವತ್ತಾರನೇ ಹಾಳೆ.
ಹೊತ್ತು: ಮಧ್ಯಾಹ್ನ ಎರಡು ನಲವತ್ತು.
ಆವತ್ತು ಮಳೆಯ ಮುನ್ಸೂಚನೆಯಿತ್ತು, ಅವಸರವಿತ್ತು,
ಲೀತ್ ಬೇಡ ಅಂದ, ಆಮೇಲೆ ಬಗ್ಗಿದ.
ನಾನು ಐದು ನಿಮಿಷ ಕೂತೆನೆ?
ನಾಲ್ಕಕ್ಕೇ ಎದ್ದೆನೆ?
ಮುಳ್ಳು ನೆನಪಿದೆ. ಗಡಿಯಾರ ನೆನಪಿಲ್ಲ.
ಮೂಲೆಯಲ್ಲಿ ಕೂತಿದೆ ನನ್ನ ಬಸವನಹುಳು,
ಕೋಡು ಒಳಗೆಳೆದುಕೊಂಡು.

ಎಸ್ಪರೆನ್ಸಿನ ಕಡಲ ದಂಡೆಯಲ್ಲಿ
ಈಗ ಮೀನು ಹಿಡಿದುಕೊಂಡಿರುವ ಲೀತ್‌ಗೆ ಫೋನು ಹಚ್ಚಿದೆ.
ಏಳನೇ ಬಾವಿ, ಅಂದೆ. ಅಷ್ಟೇ ಅಂದೆ.
ಆ ಕಡೆ ಗಾಳಿ. ಬಹಳ ಹೊತ್ತು ಗಾಳಿ.
ಆಮೇಲೆ: ‘ನಲವತ್ತಾರಾ?’

ಬೆಳಗಿನ ಜಾವ ವರದಿ ಕಳಿಸಿದೆ.
ನೋಡಿದವರ ಸಹಿ ಎಂಬಲ್ಲಿ ಪೂರ್ತಿ ಹೆಸರು ಬರೆದೆ,
ಅವರ ಲಿಪಿಯಲ್ಲಿ, ಓದಲು ಬರುವ ಹಾಗೆ.
ಈಗ ಮತ್ತೆ ಏಳರ ಬಾಯಿಗೆ ಮಂಡಿಯೂರಿದ್ದೇನೆ.
ಟೇಪು ಇಳಿಯುತ್ತಿದೆ. ಹನ್ನೆರಡು. ಹದಿಮೂರು.
ಕೂಗಬೇಡ. ಇನ್ನೂ ಸ್ವಲ್ಪ ಇಳಿ.
ಇನ್ನೂ ಸ್ವಲ್ಪ.