ಆವರಣದೊಳಗೆ ನಗು

ಕಿವುಡನ ಮುಂದೆ ಶಂಖ ಊದುವುದೇ ನನ್ನ ಕಸುಬು.
ಗಂಟೆಗೆ ಹತ್ತೊಂಬತ್ತು ಡಾಲರು, ರಾತ್ರಿ ಪಾಳಿಗೆ ಎರಡು ಹೆಚ್ಚು.
ಟೊಲೀಡೊದ ಈ ನೆಲಮಾಳಿಗೆಯಲ್ಲಿ
ಬಟ್ಟೆ ಒಗೆಯುವ ಯಂತ್ರದ ಪಕ್ಕ ಮೇಜು,
ಕಿವಿಗೆ ಹೆಡ್‌ಫೋನು, ಕಾಲಿಗೆ ನಾಯಿ.
ದೇಶ ಮಾತಾಡುತ್ತದೆ. ನಾನು ಟೈಪು ಮಾಡುತ್ತೇನೆ.
ಟೀವಿಯ ತಳದಲ್ಲಿ ಬಿಳಿ ಅಕ್ಷರ ಓಡುತ್ತದಲ್ಲ,
ಜಿಮ್ಮಿನಲ್ಲಿ, ಬಾರಿನಲ್ಲಿ, ಹಲ್ಲಿನ ಡಾಕ್ಟರ ಹಜಾರದಲ್ಲಿ
ನೀವು ಓದಿಯೂ ಓದದಂತೆ ಕೂತಿರುತ್ತೀರಲ್ಲ,
ಅದು ನಾನೇ.

ಹನ್ನೊಂದೂವರೆಗೆ ಹಾಸ್ಯ.
ಸೂಟು ತೊಟ್ಟವನೊಬ್ಬ ಮೇಜಿನ ಹಿಂದೆ ಕೂತು
ಆ ದಿನದ ಸುದ್ದಿಯ ಮೂಳೆ ಚೀಪುತ್ತಾನೆ.
ಸೆನೆಟರೊಬ್ಬ ಮೆಟ್ಟಿಲಲ್ಲಿ ಎಡವಿದ್ದು,
ಗಾಯಕಿಯೊಬ್ಬಳ ಮೂರನೇ ಮದುವೆ ಮುರಿದದ್ದು,
ಎರಡಕ್ಕೂ ಒಂದೇ ಅಳತೆಯ ಕೇಕೆ.
ಕಂಪನಿಯ ಕೈಪಿಡಿ, ಪುಟ ನಲವತ್ತೊಂದು:
ಆವರಣ ತೆರೆ, ನಗು ಎಂದು ಬರೆ, ಆವರಣ ಮುಚ್ಚು.
ಎಂಥ ನಗು ಎಂದು ಬರೆಯುವಂತಿಲ್ಲ.
ಹುಸಿನಗು, ಹಲ್ಲುಕಿರಿತ,
ಪಕ್ಕದವ ನಕ್ಕನಲ್ಲ ಎಂದು ನಕ್ಕ ನಗು,
ಬಾಡಿಗೆ ಬಾಕಿಯಿದ್ದವನು ಮನೆಯೊಡೆಯನಿಗೆ ತೋರುವ ನಗು,
ಎಲ್ಲಕ್ಕೂ ಒಂದೇ ಗೂಡು.

ಅಣ್ಣ ಥಡಿಯಸ್ ಹುಟ್ಟುಕಿವುಡ.
ಕಾರಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಾಗಿಲು ಕೂರಿಸಿದವ.
ಭಾನುವಾರ ಬಂದು, ಬೂಟು ಬಿಚ್ಚಿ,
ವಾರದ ರೆಕಾರ್ಡಿಂಗು ಹಾಕಿಕೊಂಡು ಕೈಯಲ್ಲೇ ಕೇಳುತ್ತಾನೆ:
ಇಲ್ಲಿ ನಗು ಅಂತಿದೆ. ಯಾಕೆ?
ವಿವರಿಸುತ್ತೇನೆ. ವಿವರಿಸಿದ ಜೋಕು
ತಣ್ಣಗಾದ ಪಿಯೆರೋಗಿ.
ಬೆಣ್ಣೆ ಸವರಿಕೊಂಡು ಅದನ್ನೂ ತಿನ್ನುತ್ತಾನೆ, ಪಾಪ.
ಆದರೆ ಅಭ್ಯರ್ಥಿಗಳ ಚರ್ಚೆ ಬಂತೋ,
ಪರದೆಯ ತಳಕ್ಕೆ ಸೀರಿಯಲ್ ಡಬ್ಬದ ರಟ್ಟು ಒರಗಿಸಿ
ಅಕ್ಷರ ಮುಚ್ಚಿಬಿಡುತ್ತಾನೆ. ನನ್ನ ಸಂಬಳದ ಮೇಲೇ ರಟ್ಟು!
ಬರೀ ಮುಖ ನೋಡುತ್ತಾನೆ, ಕುತ್ತಿಗೆ, ಕೈ.
ಹತ್ತು ನಿಮಿಷಕ್ಕೆ ತೀರ್ಪು:
ಇವನಿಗೆ ಭಯ. ಇವಳಿಗೆ ಹಸಿವು.
ಆ ನಡುವೆ ನಿಂತವನಿಗೆ ಮೂತ್ರಕ್ಕೆ ಅವಸರ.
ನಾಲ್ವರು ಪಂಡಿತರು ಮಧ್ಯರಾತ್ರಿವರೆಗೆ ಕೂಗಾಡಿದ್ದನ್ನು
ನಾನು ಟೈಪು ಮಾಡಿದ್ದೆ. ಇದಕ್ಕಿಂತ ಹೆಚ್ಚೇನಿರಲಿಲ್ಲ.

ಮುಂದಿನ ವರ್ಷ ಯಂತ್ರವೇ ಬರೆಯುತ್ತದಂತೆ.
ಬಯಲು ಸಭೆಯೊಂದರಲ್ಲಿ ಪರೀಕ್ಷೆಗಿಟ್ಟಾಗ ಜೋರು ಮಳೆ;
ತಗಡಿನ ಮೇಲೆ ಬಿದ್ದ ಹನಿಯನ್ನೆಲ್ಲ
ಚಪ್ಪಾಳೆ, ಚಪ್ಪಾಳೆ ಎಂದೇ ಬರೆಯಿತಂತೆ.
ಅಭ್ಯರ್ಥಿಗೆ ಬಹಳ ಹಿಡಿಸಿತಂತೆ.

ಮೊನ್ನೆ ಮಂಗಳವಾರ ಯಾವುದೋ ಪುಟ್ಟ ಊರಿನ ನಗರಸಭೆ.
ನೋಡುತ್ತಿದ್ದವರು ಹನ್ನೊಂದು ಜನ.
ನೀರಿನ ಬಿಲ್ಲು ಹಿಡಿದು ಮೈಕಿಗೆ ಬಂದಳು ವರ್ನಾ ಕಿಟ್ರೆಲ್,
ಶಾಲಾ ಬಸ್ಸು ಓಡಿಸುವ ಜಾಕೆಟ್ಟಿನಲ್ಲೇ.
ಮೂರು ನಿಮಿಷ ಕೊಟ್ಟಿದ್ದರು.
ಮೊದಲನೆಯದು ಕನ್ನಡಕ ಹುಡುಕುವುದರಲ್ಲಿ ಹೋಯಿತು.
ಎರಡನೆಯದರಲ್ಲಿ ಅಂಕಿ ಓದಿದಳು, ಸೆಂಟು ಬಿಡದೆ.
ಮೂರನೆಯದರಲ್ಲಿ ಓದಲಿಲ್ಲ. ಬಿಲ್ಲು ಎತ್ತಿ ಹಿಡಿದು
ಏಳೂ ಸದಸ್ಯರನ್ನು ಒಬ್ಬೊಬ್ಬರಾಗಿ ನೋಡುತ್ತ ನಿಂತಳು.
ಒಬ್ಬ ಕೆಮ್ಮಿದ.
ಒಬ್ಬ ನಕ್ಕ, ಬೇರೇನೂ ತೋಚದೆ.

ನನ್ನ ಬೆರಳು ಆವರಣ ತೆರೆದು ಕೂತಿತ್ತು.
ಮೌನಕ್ಕೆ ಕೈಪಿಡಿಯಲ್ಲಿ ಪದವಿಲ್ಲ;
ಪರದೆ ಖಾಲಿ ಬಿಡು ಎಂದಿದೆ.
ಖಾಲಿ ಬಿಟ್ಟರೆ ಅಣ್ಣನಂಥವನು
ಯಂತ್ರ ಕೆಟ್ಟಿದೆ ಅಂದುಕೊಳ್ಳುತ್ತಾನೆ, ಟೀವಿಗೆ ಗುದ್ದುತ್ತಾನೆ.
ಬರೆದೆ: ಅವಳು ಇನ್ನೂ ನೋಡುತ್ತಿದ್ದಾಳೆ.

ಬುಧವಾರ ಮೇಲಧಿಕಾರಿಯ ಈಮೇಲು.
ವಿನಯದ ಮೂರು ಸಾಲು, ಪುಟ ನಲವತ್ತೊಂದರ ನೆನಪು,
ಕೊನೆಗೊಂದು ಹಳದಿ ಮುಖ, ನಗುತ್ತಿತ್ತು.
ಎಂಥ ನಗು ಎಂದು ಬರೆದಿರಲಿಲ್ಲ.