ಯಾರೋ ತಿದ್ದಿದ ಕಡತ

ಪೆರ್ಲದ ಶಾಲೆ, ಕನ್ನಡ ವಿಭಾಗದ ಲ್ಯಾಬು,
ಶನಿವಾರ ಮೂರೂವರೆ.
ಹದಿನಾಲ್ಕು ಕಂಪ್ಯೂಟರು, ಏಳುವುದು ಹನ್ನೊಂದು.
ಮೊದಲನೆಯದಕ್ಕೆ ಅಪ್‌ಗ್ರೇಡ್ ಹಾಕಿ ಕೂತಿದ್ದೇನೆ.
ಕಪ್ಪು ಪರದೆಯಲ್ಲಿ ಹೆಸರುಗಳು ಓಡುತ್ತವೆ,
ಬಿಚ್ಚುತ್ತಿದೆ, ಜೋಡಿಸುತ್ತಿದೆ, ಬಿಚ್ಚುತ್ತಿದೆ,
ನನ್ನನ್ನು ಏನೂ ಕೇಳುವುದಿಲ್ಲ.

ಆಮೇಲೆ ನಿಂತಿತು.

ಈ ಕಡತವನ್ನು ನೀವೋ ಇನ್ಯಾರೋ ತಿದ್ದಿದ್ದೀರಿ.
ಹೊಸತು ತಂದಿದ್ದೇನೆ, ಏನು ಮಾಡಲಿ?
ವೈ ಅಂದರೆ ಹೊಸತು. ಎನ್ ಅಂದರೆ ಇದ್ದದ್ದು.
ಡಿ ಅಂದರೆ ವ್ಯತ್ಯಾಸ ತೋರಿಸುತ್ತೇನೆ.
ಸುಮ್ಮನೆ ಎಂಟರ್ ಒತ್ತಿದರೆ ಇದ್ದದ್ದೇ ಇರುತ್ತದೆ.

ನಾನು ತಿದ್ದಿಲ್ಲ. ಬಂದು ಒಂದೂವರೆ ವರ್ಷ,
ಆಯಿಷತ್ ಮಿಸ್ರಿಯಾ, ದಿನವೇತನದ ಟೀಚರು,
ಮನೆಯಲ್ಲಿ ಬ್ಯಾರಿ, ಆಫೀಸಿನಲ್ಲಿ ಮಲಯಾಳ,
ಮೀನಿನವನ ಹತ್ತಿರ ಚೌಕಾಸಿಗೆ ತುಳು,
ಇಲ್ಲಿ ಕನ್ನಡ.

ಡಿ ಒತ್ತಿದೆ.

ಮೈನಸ್ ಗುರುತಿನ ಸಾಲೆಲ್ಲ ಐತ್ತಪ್ಪ ಮಾಸ್ಟ್ರದ್ದು.
ನಾನು ಕಂಡವಳಲ್ಲ; ಸ್ಟಾಫ್‌ರೂಮಿನ ಗ್ರೂಪ್ ಫೋಟೋದಲ್ಲಿ
ಯಾರದೋ ಭುಜದ ಹಿಂದೆ ಅರ್ಧ ಮುಖ.
ಹ್ಯಾಶ್ ಹಾಕಿ, ಯಂತ್ರ ಓದದ ಜಾಗದಲ್ಲಿ ಬರೆದಿದ್ದಾರೆ:
ಳ ಇಲ್ಲಿದೆ. ಹುಡುಕಿ ಸಾಕಾಯಿತು. ತೆಗೆಯಬೇಡಿ.
ಇನ್ನೊಂದು ಕಡೆ: ಏಳನೇ ಬಿಗೆ ಅರ್ಕಾವೊತ್ತು ಕಾಣಬೇಕು.
ಅದರ ಕೆಳಗೆ ಐ ಮತ್ತು ಔ ಅದಲುಬದಲು.
ಅದಕ್ಕೆ ಟಿಪ್ಪಣಿ ಇಲ್ಲ. ಕೈತಪ್ಪು.

ಯಂತ್ರಕ್ಕೆ ಯಾರು ಎಂದು ಗೊತ್ತಿಲ್ಲ, ಯಾಕೆಂದೂ.
ತಾನು ಅಂದು ಕೊಟ್ಟದ್ದರ ಬೆರಳಚ್ಚು ಇಟ್ಟುಕೊಂಡಿದೆ,
ಇಂದಿನದು ಹೊಂದುವುದಿಲ್ಲ, ಅಷ್ಟೇ.
ಯಾರೂ ಕೈಹಾಕದ ಕಡತಗಳಿಗೆ ಪ್ರಶ್ನೆ ಇಲ್ಲ.
ಅವು ಆಗಲೇ ಹೊಸತಾಗಿವೆ.

ಬಸ್ಸಿನ ಹಣೆಯಲ್ಲಿ ಕುಂಬಳೆ ಕುಂಬ್ಳ ಆದಾಗ
ಹೀಗೆ ನಿಂತು ಕೇಳಿದವರಿಲ್ಲ.
ಕಂಡಕ್ಟರು ಕೇಳಿದ್ದು ಚಿಲ್ಲರೆ.

ವೈ ಒತ್ತಿದೆ.
ಹಳೆಯದನ್ನು ಎಸೆಯಲಿಲ್ಲ ಯಂತ್ರ,
ಹೆಸರಿಗೊಂದು ಬಾಲ ಕಟ್ಟಿ ಪಕ್ಕಕ್ಕಿಟ್ಟಿತು.
ಎರಡನ್ನೂ ತೆರೆದು ಕೈಯಾರೆ ದಾಟಿಸಿದೆ:
ಳ. ಆಮೇಲೆ ಅರ್ಕಾವೊತ್ತು.
ಐ, ಔ ಹತ್ತಿರ ಬಂದು ನಿಂತೆ.

ಒಂಬತ್ತರ ಧನ್ವಿತಾ ಕೀಲಿ ನೋಡದೆ ಟೈಪು ಮಾಡುವವಳು,
ಮಾಸ್ಟ್ರ ಕಾಲದಲ್ಲಿ ಕಲಿತ ಬೆರಳು.
ಸರಿಪಡಿಸಿದರೆ ಸೋಮವಾರ ಅವಳ ಐದು
ಔದು ಆಗುತ್ತದೆ.

ತಪ್ಪನ್ನೂ ದಾಟಿಸಿದೆ.
ಪಕ್ಕದಲ್ಲಿ ಹ್ಯಾಶ್ ಹಾಕಿ: ತಪ್ಪೆಂದು ಗೊತ್ತು. ಇರಲಿ. ಮಿ.

ನಾಲ್ಕೂಕಾಲಿನ ಬಸ್ಸು ಹೋದ ಸದ್ದು.
ಎರಡನೆಯ ಕಂಪ್ಯೂಟರು ನಿಂತಿದೆ, ಅದೇ ಪ್ರಶ್ನೆ.
ಡಿ ಒತ್ತಿ ನೋಡುತ್ತೇನೆ:
ಇದರಲ್ಲಿ ಐ, ಔ ಸರಿಯಾಗಿಯೇ ಇವೆ.
ಳ ಮಾತ್ರ ಬೇರೆಲ್ಲೋ.