ಒಡೆದ ಹೂಜಿಯ ಕಡೆ

ಬುಧವಾರ, ಭಾನುವಾರ, ರಾತ್ರಿ ಒಂಬತ್ತಕ್ಕೆ
ನಾವು ಎಂಟು ಜನ ಸಾಯಲು ಸೇರುತ್ತೇವೆ.

ತಾರ್ತುವಿನಲ್ಲಿ ನಾನು, ಬೇಕರಿಯವಳು,
ನಾಳಿನ ರೈ ಹಿಟ್ಟಿಗೆ ಹುಳಿ ಬೆರೆಸಿ ಮುಚ್ಚಿಟ್ಟು
ಉಗುರುಸಂದಿಯ ಹಿಟ್ಟು ಒಣಗುವ ಮೊದಲೇ ಹೆಡ್‌ಫೋನ್ ಏರಿಸುವವಳು.
ಲಾಹ್ತಿಯ ತೌನೊ, ದಿಮ್ಮಿ ಲಾರಿ ಓಡಿಸುವವನು,
ನಮ್ಮ ಗುರಾಣಿ. ಮಾತು ಕಮ್ಮಿ, ಕೆಮ್ಮು ಜಾಸ್ತಿ.
ಲಿಯೆಪಾಯಾದ ಇಲ್ಜೆ ಸೂಲಗಿತ್ತಿ,
ಇಲ್ಲಿಯೂ ಅವಳದು ಅದೇ ಕೆಲಸ,
ಜಾರುವ ಜೀವವನ್ನು ಹಿಡಿದೆಳೆಯುವುದು.
ಫೋನು ಬಂದರೆ ಎದ್ದು ಹೋಗುತ್ತಾಳೆ;
ನಾವೆಲ್ಲ ಒಟ್ಟಿಗೆ ಸಾಯುತ್ತೇವೆ,
ಲಿಯೆಪಾಯಾದಲ್ಲಿ ಯಾರೋ ಹುಟ್ಟುತ್ತಾರೆ.

ಬಾವಿಯ ಒಡತಿ ಎಂದು ಅವಳ ಹೆಸರು.
ಮೂರು ಗಂಟೆ ಹೊಡೆಯುತ್ತಾಳೆ.
ಮೊದಲನೆಯದಕ್ಕೆ ಚದುರಬೇಕು,
ಎರಡನೆಯದಕ್ಕೆ ಒಂದಾಗಬೇಕು,
ಮೂರನೆಯದಕ್ಕೆ ನೆಲದಿಂದ ವೃತ್ತಗಳು ಏಳುತ್ತವೆ:
ಹಸಿರಿನೊಳಗೆ ನಿಂತರೆ ಉಳಿವು,
ಕೆಂಪಿನೊಳಗೆ ಒಬ್ಬ ನಿಂತರೂ ಎಂಟು ಹೆಣ.
ಕೇಳಲು ಎಷ್ಟು ಸುಲಭ!
ಹತ್ತೊಂಬತ್ತರ ಮಗ್ಗಿಯೂ ಕೇಳಲು ಸುಲಭವೇ.

ಹತ್ತನೇ ಸಾವಿಗೆ ಕಾಲುಗಳು ಚದುರಲು ಕಲಿತವು.
ಮೂವತ್ತಕ್ಕೆ, ಗಂಟೆಗೂ ಮೊದಲು
ಅವಳು ಉಸಿರೆಳೆದುಕೊಳ್ಳುವುದು ಕೇಳಿಸಿತು.
ಅರವತ್ತು ದಾಟಿದ ಮೇಲೆ ಒಂದು ನಸುಕಿನಲ್ಲಿ
ಬೇಕರಿಯ ಒಲೆಯ ಟೈಮರು ಗಣಗಣ ಅಂದದ್ದೇ
ಬ್ರೆಡ್ಡಿನ ತಟ್ಟೆ ಹಿಡಿದು ಎಡಕ್ಕೆ ಮೂರು ಹೆಜ್ಜೆ ಹಾರಿದ್ದೆ.
ಮುದುಕ ಹೆಲ್ದುರ್ ನೋಡಿದ. ಏನೂ ಕೇಳಲಿಲ್ಲ.

ತೊಂಬತ್ತರ ಹೊತ್ತಿಗೆ ಎಲ್ಲರಿಗೂ ಎಲ್ಲ ಬಾಯಿಪಾಠ,
ವೀತೆನಿಸ್ ಒಬ್ಬನನ್ನು ಬಿಟ್ಟು.

ಪನೆವೆಜಿಸ್‌ನ ಹುಡುಗ, ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವನು,
ಬಿಟ್ಟ ಬಾಣ ಒಂದೂ ಗುರಿ ತಪ್ಪದು.
ಮೂರನೇ ಗಂಟೆಯನ್ನು ಒಮ್ಮೆ ದಾಟಿದರೆ ಮರುಸುತ್ತಿನಲ್ಲಿ
ಸೀದಾ ಹೋಗಿ ಕೆಂಪಿನಲ್ಲಿ ನಿಲ್ಲುತ್ತಿದ್ದ,
ತನಗೆಂದೇ ಹಾಕಿದ ಮಣೆ ಎಂಬಂತೆ.
"ಹಸಿರು, ಮಾರಾಯಾ, ಹಸಿರು!"
ಯಾರ ತಾಯ್ನುಡಿಯೂ ಅಲ್ಲದ ಇಂಗ್ಲಿಷಿನಲ್ಲಿ ಕಿರುಚುತ್ತಿದ್ದೆ.
(ಬೈಗುಳಕ್ಕೆ ಮಾತ್ರ ಪ್ರತಿಯೊಬ್ಬರೂ
ಅವರವರ ಮನೆಮಾತಿಗೆ ಮರಳುತ್ತಿದ್ದರು.)
ಅವನು ಸಾರಿ ಅನ್ನುತ್ತಿದ್ದ. ಪ್ರತಿ ಸಲ. ಒಂದೇ ದನಿಯಲ್ಲಿ.
ಬೇರೆ ಯಾರನ್ನಾದರೂ ಹುಡುಕೋಣ ಎಂದು
ಇಲ್ಜೆಗೆ ಗುಟ್ಟಾಗಿ ಬರೆದದ್ದು
ಬೇರಾರೂ ಅಲ್ಲ, ನಾನು.

ನೂರ ನಾಲ್ಕನೆಯ ಸಾವು. ಒಡತಿಗೆ ಶೇಕಡ ಎರಡು ಉಳಿದಿತ್ತು.
ಕೈಗೆ ಬಂದ ತುತ್ತು.
ಬಾವಿಕಟ್ಟೆಯ ಸುತ್ತ ಅಂಗಾತ ಬಿದ್ದ ಹೆಣಗಳ ನಡುವೆ
ತೌನೊ ಕೆಮ್ಮು ತಡೆದು ಕೇಳಿದ:
"ತಮ್ಮಾ, ನಿನ್ನ ಕಣ್ಣಿಗೆ ಹಸಿರು ಯಾವುದು?"

ಬಹಳ ಹೊತ್ತು ಹುಡುಗನ ಕಂಪ್ಯೂಟರಿನ ಫ್ಯಾನಿನ ಸದ್ದು.
"ಎರಡೂ ಒಂದೇ. ಕೆಸರಿನ ಬಣ್ಣ.
ಸೆಟ್ಟಿಂಗು ಬದಲಿಸಿ ನೋಡಿದೆ, ಆಗ ಬಾವಿಯೇ ಕಾಣಲಿಲ್ಲ.
ಅಂದಾಜಿನ ಮೇಲೆ ನಿಲ್ಲುತ್ತೇನೆ."
ಮೊದಲೇ ಯಾಕೆ ಹೇಳಲಿಲ್ಲ?
"ರೈಲ್ವೆಯವರಿಗೆ ಹೇಳಿದ್ದೆ," ಅಂದ. ಅಷ್ಟೇ.

ಅವತ್ತಿನಿಂದ ಬಣ್ಣಗಳನ್ನು ಬಿಟ್ಟೆವು.
ಮೂಲೆಗಳಿಗೆ ಹೆಸರಿಟ್ಟೆವು: ಸತ್ತ ಮರ, ಮೆಟ್ಟಿಲು, ಒಡೆದ ಹೂಜಿ.
ಗಂಟೆ ಬಿದ್ದೊಡನೆ ಒಂದು ಹೆಸರು ಕೂಗುವುದು ನನ್ನ ಪಾಲು.
ಕಲಿತದ್ದನ್ನು ಮರೆಯುವುದು ಕಲಿತಷ್ಟು ಸಲೀಸಲ್ಲ;
ನಾಲಗೆ ಹೂಜಿ ಅನ್ನುವಷ್ಟರಲ್ಲಿ ಕಾಲು ಮೆಟ್ಟಿಲಿಗೆ ಓಡಿರುತ್ತಿತ್ತು.
ಮುಂದಿನ ಇಪ್ಪತ್ತೇಳು ಸಾವುಗಳಲ್ಲಿ ಒಂದೂ ಅವನದಲ್ಲ.
ಸಾರಿ ಅಂದೆ. ಪ್ರತಿ ಸಲ.
"ಪರವಾಗಿಲ್ಲ, ಮತ್ತೆ," ಅನ್ನುತ್ತಿದ್ದ.

ಎಮಾಯೊಗಿ ನದಿಯ ಹಿಮ ಬಿರಿದ ವಾರ ಅವಳು ಬಿದ್ದಳು.
ಕೂಗಾಟ ಆಗುತ್ತದೆಂದು ಎಣಿಸಿದ್ದೆ.
ಎಂಟು ಮನೆಗಳಲ್ಲಿ ಎಂಟು ಕುರ್ಚಿಗಳು ಕಿರುಗುಟ್ಟಿದವು,
ಯಾರದೋ ಫ್ರಿಜ್ಜು ಗುಂಯ್ಗುಟ್ಟಿತು,
ಇಲ್ಜೆಯ ಫೋನು ರಿಂಗಾಯಿತು, ಅವಳು ಹೋದಳು.

ಒಡತಿ ಬಿಟ್ಟು ಹೋದದ್ದು ಒಂದೇ ಮೇಲಂಗಿ.
ಚೀಟಿ ಎತ್ತಿದೆವು, ಹುಡುಗನಿಗೆ ಬಂತು.
ತೊಟ್ಟುಕೊಂಡು ಬಾವಿಯ ಸುತ್ತ ಒಂದು ಸುತ್ತು ಬಂದ.
"ಯಾವ ಬಣ್ಣ ಇದು?"

ತೌನೊ ಗಂಟಲು ಸರಿಮಾಡಿಕೊಂಡ.
"ಹೂಜಿಯ ಕಡೆಯದು," ಅಂದ.